ಹೈವೇಲಿ ಟೈರ್ ಪ್ರೆಷರ್ 38 ತೋರಿಸಿದರೆ ಗಾಳಿ ಇಳಿಸಬೇಕಾ?

ಪ್ರಶ್ನೆ: ನನ್ನ ಕಾರಿನ ಟೈರಿಗೆ 33 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಇರಬೇಕು. ಬೆಳಿಗ್ಗೆ ಬೆಂಗಳೂರಲ್ಲಿ ನಾಲ್ಕೂ ಟೈರಿಗೆ ಸರಿಯಾಗಿ 33 ಹಾಕಿಸಿಕೊಂಡು ಹೊರಟೆ. ಮಧ್ಯಾಹ್ನ ಚಿತ್ರದುರ್ಗದ ಹತ್ತಿರ ಬಂಕ್‌ನಲ್ಲಿ ನೋಡಿಸಿದರೆ 38! ಗಾಳಿ ಹಾಕುವ ಹುಡುಗ "ಬಿಸಿಲಿಗೆ ಬರ್ಸ್ಟ್ ಆಗುತ್ತೆ ಸಾರ್, ಇಳಿಸಿಬಿಡ್ತೀನಿ" ಅಂದ. ಇಳಿಸಬೇಕಿತ್ತಾ?

ಉತ್ತರ: ಬೇಡ, ಇಳಿಸಬೇಡಿ. ನಿಮ್ಮ ಟೈರು ಸರಿಯಾಗೇ ಇದೆ.

ಡ್ರೈವರ್ ಬಾಗಿಲು ತೆಗೆದರೆ ಒಂದು ಸ್ಟಿಕ್ಕರ್ ಕಾಣುತ್ತದೆ. ಅದರ ಮೇಲಿನ 33 ಅನ್ನೋದು ತಣ್ಣಗಿರುವ ಟೈರಿನ ಲೆಕ್ಕ. ಕಾರು ಕನಿಷ್ಠ ಮೂರು ಗಂಟೆ ನಿಂತಿರಬೇಕು, ಇಲ್ಲವೇ ಒಂದೆರಡು ಕಿಲೋಮೀಟರ್ ಮಾತ್ರ ನಿಧಾನವಾಗಿ ಓಡಿರಬೇಕು. ಆಗ ನೋಡಿದ ಅಂಕಿಯನ್ನು ಮಾತ್ರ ಸ್ಟಿಕ್ಕರ್ ಜೊತೆ ಹೋಲಿಸಬಹುದು.

ಓಡುವಾಗ ಟೈರು ಪ್ರತಿ ಸುತ್ತಿಗೂ ನೆಲಕ್ಕೆ ಒತ್ತಿ, ಬಾಗಿ, ಮತ್ತೆ ನೆಟ್ಟಗಾಗುತ್ತದೆ. ಅದರಿಂದಲೇ ಬಿಸಿ ಹುಟ್ಟುತ್ತದೆ. ಜೊತೆಗೆ ಕಾದ ರಸ್ತೆ. ಒಳಗಿನ ಗಾಳಿ ಬಿಸಿಯಾದಷ್ಟೂ ಒತ್ತಡ ಏರುತ್ತದೆ. ಐದಾರು ಡಿಗ್ರಿಗೆ ಹೆಚ್ಚುಕಮ್ಮಿ ಒಂದು ಪಿಎಸ್‌ಐ ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ 25 ಡಿಗ್ರಿಯಲ್ಲಿದ್ದ ಗಾಳಿ ಮಧ್ಯಾಹ್ನ 55ಕ್ಕೆ ಹೋದರೆ 33 ಇದ್ದದ್ದು 38ರ ಹತ್ತಿರ ಬರಲೇಬೇಕು. ಕಾರು ಕಂಪನಿಯವರು 33 ಅಂತ ಬರೆಯುವಾಗಲೇ ಈ ಏರಿಕೆಯನ್ನು ಲೆಕ್ಕಕ್ಕೆ ತಗೊಂಡಿರುತ್ತಾರೆ.

ಈಗ ಆ ಹುಡುಗನ ಮಾತು ಕೇಳಿ 33ಕ್ಕೆ ಇಳಿಸಿದಿರಿ ಅಂದುಕೊಳ್ಳಿ. ರಾತ್ರಿ ಟೈರು ಆರಿದಾಗ ಉಳಿಯೋದು 28, 29 ಅಷ್ಟೇ. ಮರುದಿನ ಅದೇ ಟೈರಿನಲ್ಲಿ ನೂರರ ವೇಗದಲ್ಲಿ ವಾಪಸ್ ಹೊರಡುತ್ತೀರಿ. ಇದು ನನಗೆ ನಿಜಕ್ಕೂ ಭಯ ಹುಟ್ಟಿಸುವ ವಿಷಯ. ಗಾಳಿ ಕಮ್ಮಿ ಇದ್ದಷ್ಟೂ ಟೈರಿನ ಪಕ್ಕದ ಗೋಡೆ ಜಾಸ್ತಿ ಬಾಗುತ್ತದೆ, ಬಾಗಿದಷ್ಟೂ ಬಿಸಿ ಜಾಸ್ತಿ. ಆ ಬಿಸಿಗೆ ಒಳಗಿನ ಪದರಗಳು ಒಂದರಿಂದ ಒಂದು ಬಿಡತೊಡಗುತ್ತವೆ. ಹೊರಗಿನಿಂದ ಏನೂ ಕಾಣೋದಿಲ್ಲ. ಬರ್ಸ್ಟ್ ತಪ್ಪಿಸೋಕೆ ಅಂತ ಗಾಳಿ ಇಳಿಸಿ, ಬರ್ಸ್ಟ್‌ಗೇ ದಾರಿ ಮಾಡಿಕೊಟ್ಟಂತಾಯಿತು.

ಅಮೆರಿಕದಲ್ಲಿ 2000ರ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನು ವಾಪಸ್ ಕರೆಯಬೇಕಾಯಿತು. ಹೆಚ್ಚಿನವು ಫೋರ್ಡ್ ಎಕ್ಸ್‌ಪ್ಲೋರರ್ ಕಾರುಗಳಲ್ಲಿದ್ದವು. ಓಡುತ್ತಿರುವಾಗಲೇ ಟೈರಿನ ಮೇಲ್ಪದರ ಕಿತ್ತು ಬರುತ್ತಿತ್ತು, ಕಾರು ಪಲ್ಟಿ ಹೊಡೆಯುತ್ತಿತ್ತು. ಟೈರಿನಲ್ಲೂ ದೋಷ ಇತ್ತು. ಅದರ ಜೊತೆಗೆ ಫೋರ್ಡ್ ಹೇಳಿದ್ದ 26 ಪಿಎಸ್‌ಐ ಸಾಕಾ, ಫೈರ್‌ಸ್ಟೋನ್ ಹೇಳಿದ 30 ಬೇಕಾ ಅನ್ನೋದು ದೊಡ್ಡ ಜಗಳವಾಯಿತು. ಇದಾದ ಮೇಲೆಯೇ ಅಲ್ಲಿ ಕಾನೂನು ಬಂದು, 2007ರ ಸೆಪ್ಟೆಂಬರ್‌ನಿಂದ ಹೊಸ ಕಾರುಗಳಿಗೆಲ್ಲ ಗಾಳಿ ಕಮ್ಮಿಯಾದರೆ ಎಚ್ಚರಿಸುವ ವ್ಯವಸ್ಥೆ ಕಡ್ಡಾಯವಾಯಿತು. ನಾವು ಟಿಪಿಎಂಎಸ್ ಅನ್ನುತ್ತೀವಲ್ಲ, ಅದೇ. ಆದರೆ ಆ ನಿಯಮದ ಪ್ರಕಾರ ದೀಪ ಹತ್ತಲೇಬೇಕಾದದ್ದು ಗಾಳಿ ಶೇ 25ರಷ್ಟು ಇಳಿದಾಗ. 33ರ ಟೈರು 27ಕ್ಕೆ ಇಳಿದರೂ ದೀಪ ಸುಮ್ನೆ ಇರಬಹುದು. ಅದನ್ನೇ ನಂಬಿ ಕೂರಬೇಡಿ.

ನನ್ನ ಸಲಹೆ, ಗಾಳಿ ಒತ್ತಡ ಅಳೆಯುವ ಒಂದು ಗೇಜ್ ಕೊಂಡು ಕಾರಲ್ಲೇ ಇಟ್ಟುಕೊಳ್ಳಿ. ಬೆಳಿಗ್ಗೆ ಬಿಸಿಲು ಬೀಳುವ ಮೊದಲು, ಕಾರು ತೆಗೆಯುವ ಮುಂಚೆ ನೋಡಿ. ವಾಲ್ವ್ ಕ್ಯಾಪ್ ಬಿಚ್ಚಿ ಗೇಜನ್ನು ನೇರವಾಗಿ ಒತ್ತಿ. ಓರೆಯಾದರೆ ಬುಸ್ಸೆಂದು ಗಾಳಿ ಹೋಗುತ್ತದೆ, ಅಂಕಿಯೂ ತಪ್ಪು ಬರುತ್ತದೆ. ಸದ್ದು ನಿಂತ ಮೇಲೆ ಓದಿ. ಏನೂ ಆಗದಿದ್ದರೂ ತಿಂಗಳಿಗೆ ಒಂದೆರಡು ಪಿಎಸ್‌ಐ ಇಳಿಯೋದು ಮಾಮೂಲು. ಒಂದೇ ಟೈರು ಪದೇ ಪದೇ ಇಳಿಯುತ್ತಿದ್ದರೆ ವಾಲ್ವ್ ಬಾಯಿಗೆ ಸೋಪಿನ ನೀರು ಬಿಡಿ. ಗುಳ್ಳೆ ಎದ್ದರೆ ಅಲ್ಲೇ ಸೋರಿಕೆ, ಏಳದಿದ್ದರೆ ಮೊಳೆ ಹುಡುಕಿ.

ದಾರಿಯಲ್ಲಿ ಟೈರು ಬಿಸಿ ಇದ್ದಾಗ ನೋಡಬೇಕಾಗಿ ಬಂದರೆ ನಾಲ್ಕನ್ನೂ ಒಂದಕ್ಕೊಂದು ಹೋಲಿಸಿ. ಮೂರು 38 ಇದ್ದು ಒಂದು 33 ತೋರಿಸಿದರೆ, ಸ್ಟಿಕ್ಕರ್ ಪ್ರಕಾರ ಸರಿ ಅಂತ ಬಿಡಬೇಡಿ. ಪಂಕ್ಚರ್ ಆಗಿರೋದು ಅದೇ. ಸದ್ಯಕ್ಕೆ ಉಳಿದವುಗಳ ಸಮಕ್ಕೆ ತುಂಬಿಸಿ, ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ತೋರಿಸಿ. ಬಿಸಿಲು ಬಿದ್ದ ಕಡೆಯ ಎರಡು ಟೈರು ಮಾತ್ರ ಒಂದೆರಡು ಜಾಸ್ತಿ ತೋರಿಸಿದರೆ ಚಿಂತೆ ಬೇಡ.

ನೈಟ್ರೋಜನ್ ಹಾಕಿಸಿದರೆ ಏರೋದಿಲ್ವಾ ಅಂತಲೂ ಕೆಲವರು ಕೇಳುತ್ತಾರೆ. ಅದೂ ಏರುತ್ತದೆ. ಮಾಮೂಲಿ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ. ಬಂಕ್‌ನ ಉಚಿತ ಗಾಳಿ ಧಾರಾಳ ಸಾಕು.

ಟೈರಿನ ಗೋಡೆ ಮೇಲೆ 44, 51 ಅಂತೆಲ್ಲ ಬರೆದಿರೋದು ಟೈರು ತಡೆಯುವ ಗರಿಷ್ಠ ಮಿತಿ, ಅಷ್ಟು ಹಾಕಿಸಬೇಡಿ. ಧರ್ಮಸ್ಥಳಕ್ಕೋ ಶಿರಸಿಗೋ ಐದು ಜನ ಲಗೇಜ್ ಸಮೇತ ಹೊರಟಿದ್ದರೆ ಸ್ಟಿಕ್ಕರ್‌ನಲ್ಲಿ ಪೂರ್ತಿ ಲೋಡಿಗೆ ಬೇರೆ ಅಂಕಿ ಇದೆಯಾ ನೋಡಿ, ಇದ್ದರೆ ಅದನ್ನೇ ಹಾಕಿಸಿ. ಹಾಗೇ ಡಿಕ್ಕಿ ತೆಗೆದು ಸ್ಟೆಪ್ನಿಗೂ ಗೇಜ್ ಇಡಿ. ಕೆಲವು ಕಾರುಗಳ ಸಣಕಲು ಸ್ಟೆಪ್ನಿಗೆ 60 ಪಿಎಸ್‌ಐ ಬೇಕು, ಅದು ಅದರ ಮೇಲೇ ಬರೆದಿರುತ್ತದೆ.