ಪಂಪಿನ ಕುತ್ತಿಗೆ ಹಿಸುಕದೆ ಗಾಳಿ ಇಳಿಸುವುದು

ಕಲಬುರಗಿಯ ಮನೆ, ದವಾಖಾನೆ ಮತ್ತು ಅಂಗಡಿಗಳಲ್ಲಿರುವ ಮೀನಿನ ತೊಟ್ಟಿಗಳನ್ನು ನೋಡಿಕೊಳ್ಳುವುದು ನನ್ನ ಕಸುಬು. ನನಗೆ ಬರುವ ಕರೆಗಳಲ್ಲಿ ದೊಡ್ಡ ಪಾಲು ಏರ್ ಪಂಪಿಗೆ ಸಂಬಂಧಿಸಿದ್ದು. "ಗುಳ್ಳಿ ಭಾಳ ಬರ್ತಾವ್ರಿ ಸರ, ಮೀನು ಮೂಲ್ಯಾಗ ಹೋಗಿ ನಿಂತಾವ" ಎಂದು ಕರೆ ಬಂದ ಮನೆಗೆ ಹೋಗಿ ನೋಡಿದರೆ, ನಾನು ತಲುಪುವ ಮೊದಲೇ ಅಲ್ಲೊಂದು ಮನೆಮದ್ದು ಆಗಿರುತ್ತದೆ. ಪ್ಲಾಸ್ಟಿಕ್ ಪೈಪನ್ನು ಮಡಿಚಿ ರಬ್ಬರ್ ಬ್ಯಾಂಡ್ ಸುತ್ತಿರುತ್ತಾರೆ, ಇಲ್ಲವೇ ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಅದಕ್ಕೆ ಕಚ್ಚಿಸಿರುತ್ತಾರೆ. ಗುಳ್ಳೆಗಳು ಕಡಿಮೆಯಾಗಿರುತ್ತವೆ, ನಿಜ. ಆದರೆ ಪಂಪು ಮೊದಲಿಗಿಂತ ಜೋರಾಗಿ ಗುಂಯ್‌ಗುಡುತ್ತಿರುತ್ತದೆ ಮತ್ತು ಮುಟ್ಟಿದರೆ ಬೆಚ್ಚಗಿರುವುದು ಹೋಗಿ ಬಿಸಿಯಾಗಿರುತ್ತದೆ.

ಹೀಗೇಕೆ ಆಗುತ್ತದೆ ಎಂಬುದು ಪಂಪಿನ ಮುಚ್ಚಳ ತೆಗೆದವರಿಗೆ ಸುಲಭವಾಗಿ ತಿಳಿಯುತ್ತದೆ. ಮನೆಗಳಲ್ಲಿ ಬಳಸುವ ಸಣ್ಣ ಪಂಪಿನಲ್ಲಿ ತಿರುಗುವ ಮೋಟಾರು ಇರುವುದಿಲ್ಲ. ಒಂದು ತಾಮ್ರದ ತಂತಿಯ ಸುರುಳಿ, ಅದರ ಮುಂದೆ ಆಯಸ್ಕಾಂತ ಕೂರಿಸಿದ ಒಂದು ಸಣ್ಣ ತೋಳು, ಆ ತೋಳಿಗೆ ಅಂಟಿಕೊಂಡ ಬಟ್ಟಲಿನಾಕಾರದ ರಬ್ಬರ್ ಪದರ ಇಷ್ಟೇ ಅದರ ಒಡಲು. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ದಿಕ್ಕು ತಿರುಗಿಸಿ ಮರಳುವಾಗ ತೋಳು ಅದೇ ಲಯದಲ್ಲಿ ಅಲುಗುತ್ತದೆ, ರಬ್ಬರ್ ಪದರ ಉಬ್ಬಿ ಕುಗ್ಗುತ್ತ ಗಾಳಿಯನ್ನು ಎಳೆದು ನೂಕುತ್ತದೆ, ಮತ್ತು ಎರಡು ತೆಳು ರಬ್ಬರ್ ಮುಚ್ಚಳಗಳು ಗಾಳಿ ಹಿಂದಕ್ಕೆ ಬರದಂತೆ ತಡೆಯುತ್ತವೆ. ಹೊರದಾರಿಯನ್ನು ಹಿಸುಕಿದಾಗ ತೋಳು ಅಲುಗುವುದನ್ನು ನಿಲ್ಲಿಸುವುದಿಲ್ಲ. ನೂಕಿದ ಗಾಳಿಗೆ ಹೋಗಲು ಜಾಗವಿಲ್ಲದೆ ಒತ್ತಡವೆಲ್ಲ ಆ ಪದರದ ಮೇಲೆಯೇ ಬೀಳುತ್ತದೆ. ಹೀಗೆ ಹಗಲಿರುಳು ತಿಂಗಳುಗಟ್ಟಲೆ ನಡೆದರೆ ರಬ್ಬರು ಅಂಚಿನಲ್ಲಿ ಸೀಳುತ್ತದೆ. "ಪಂಪು ಆರು ತಿಂಗಳೂ ಬಾಳಲಿಲ್ಲ" ಎಂದು ನನ್ನ ಬಳಿ ಬರುವ ಪಂಪುಗಳಲ್ಲಿ ಹಲವನ್ನು ಬಿಚ್ಚಿದಾಗ ಕಾಣುವುದು ಇದೇ ಸೀಳು.

ಆದ್ದರಿಂದ ತೊಟ್ಟಿಗೆ ಹೋಗುವ ಗಾಳಿಯನ್ನು ಕಡಿಮೆ ಮಾಡಬೇಕಾದಾಗ ನಾನು ಪಂಪಿಗೆ ಇನ್ನೊಂದು ಬಾಗಿಲು ತೆರೆದುಕೊಡುತ್ತೇನೆ. ಪಂಪಿನಿಂದ ಹೊರಟ ಪೈಪನ್ನು ಕತ್ತರಿಸಿ ನಡುವೆ ಒಂದು ಟೀ ಜಾಯಿಂಟ್ ಕೂರಿಸಿದರೆ, ಅದರ ಒಂದು ಕವಲು ತೊಟ್ಟಿಗೆ ಹೋಗುತ್ತದೆ, ಇನ್ನೊಂದು ಕವಲಿಗೆ ಸಣ್ಣ ವಾಲ್ವ್ ಹಾಕಿ ತುದಿಯನ್ನು ಬಯಲಿಗೆ ಬಿಡುತ್ತೇನೆ. ಆ ವಾಲ್ವನ್ನು ತೆರೆದಷ್ಟೂ ಹೆಚ್ಚಿನ ಗಾಳಿ ಹೊರಗೆ ಹೋಗಿ ತೊಟ್ಟಿಯಲ್ಲಿ ಗುಳ್ಳೆಗಳು ಇಳಿಯುತ್ತವೆ, ಪಂಪಿನ ಮೇಲಿನ ಭಾರವೂ ಇಳಿಯುತ್ತದೆ. ಪಂಪಿನ ಸದ್ದು ಕೂಡ ಮೆತ್ತಗಾಗುವುದನ್ನು ನೀವೇ ಕೇಳಬಹುದು. ಬಯಲಿಗೆ ಬಿಟ್ಟ ತುದಿಯಿಂದ ಸುಯ್ಯೆನ್ನುವ ಸದ್ದು ಬಂದರೆ, ಎಸೆಯಬೇಕೆಂದಿದ್ದ ಹಳೆಯ ಏರ್ ಸ್ಟೋನನ್ನು (ಪೈಪಿನ ತುದಿಯಲ್ಲಿ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ರಂಧ್ರಗಳ ಕಲ್ಲು) ತೊಳೆದು ಒಣಗಿಸಿ ಆ ತುದಿಗೆ ಸಿಕ್ಕಿಸಿದರೆ ಸಾಕು.

ಈ ಟೀ ಜಾಯಿಂಟನ್ನು ಎಲ್ಲಿಡಬೇಕೆಂಬುದರಲ್ಲಿ ಹಲವರು ಎಡವುತ್ತಾರೆ. ಅದು ತೊಟ್ಟಿಯ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಕರೆಂಟು ಹೋದಾಗ ಪೈಪಿನೊಳಗೆ ಹಿಂದಕ್ಕೆ ಏರುವ ನೀರು ಒಂದು ಸಲ ತೊಟ್ಟಿಯ ಅಂಚು ದಾಟಿ ಕೆಳಗಿಳಿಯತೊಡಗಿದರೆ ತಾನಾಗಿ ಹರಿಯುತ್ತಲೇ ಇರುತ್ತದೆ. ತೆರೆದ ಕವಲು ಮೇಲಿದ್ದರೆ ಅಲ್ಲಿಂದ ಗಾಳಿ ಒಳಹೊಕ್ಕು ಆ ಹರಿವನ್ನು ಮುರಿಯುತ್ತದೆ. ಅದೇ ಕವಲು ತೊಟ್ಟಿಯ ಕೆಳಗಿನ ಕಪಾಟಿನಲ್ಲಿದ್ದರೆ ನೀರು ಅಲ್ಲಿಂದಲೇ ನೆಲಕ್ಕೆ ಇಳಿಯುತ್ತದೆ. ನಾನು ಹೊಸದಾಗಿ ಈ ಕೆಲಸಕ್ಕೆ ಇಳಿದ ವರ್ಷ ಸೇಡಂ ರಸ್ತೆಯ ಒಂದು ಮನೆಯಲ್ಲಿ ಇದನ್ನು ಯೋಚಿಸದೆ ಕೂರಿಸಿ ಬಂದು, ಮರುದಿನ ಬೆಳಿಗ್ಗೆ ಆ ಮನೆಯ ಫರಸಿ ನೆಲವನ್ನು ನಾನೇ ಒರೆಸಬೇಕಾಯಿತು.

ಒಂದೇ ಪಂಪಿನಿಂದ ಎರಡು ಮೂರು ಕಡೆ ಗಾಳಿ ಹಂಚುವಾಗ ವಿಷಯ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಗಾಳಿ ಸುಲಭದ ದಾರಿಯನ್ನೇ ಹಿಡಿಯುತ್ತದೆ. ನೀರಿನ ಆಳ ಪ್ರತಿ 10 ಸೆಂಟಿಮೀಟರಿಗೆ ಸುಮಾರು 1 ಕಿಲೋಪ್ಯಾಸ್ಕಲ್ ಒತ್ತಡವನ್ನು ಸೇರಿಸುವುದರಿಂದ, 40 ಸೆಂಟಿಮೀಟರ್ ಆಳದಲ್ಲಿರುವ ಸ್ಪಂಜ್ ಫಿಲ್ಟರಿಗೂ (ಗಾಳಿಯ ಬಲದಿಂದ ನೀರನ್ನು ಸ್ಪಂಜಿನ ಮೂಲಕ ಎಳೆದು ಸೋಸುವ ಸಾಧನ) 15 ಸೆಂಟಿಮೀಟರ್ ಆಳದಲ್ಲಿರುವ ಏರ್ ಸ್ಟೋನಿಗೂ ಒಂದೇ ಕವಲಿನಿಂದ ಪೈಪು ಎಳೆದರೆ, ಗಾಳಿಯೆಲ್ಲ ಸ್ಟೋನಿಗೆ ಹೋಗಿ ಫಿಲ್ಟರು ಸುಮ್ಮನೆ ಕುಳಿತಿರುತ್ತದೆ. ಪ್ರತಿ ಸಾಲಿಗೂ ಬೇರೆ ವಾಲ್ವ್ ಬೇಕು. ಮೊದಲು ಎಲ್ಲವನ್ನೂ ಪೂರ್ತಿ ತೆರೆದು, ಯಾವುದಕ್ಕೆ ಅತಿ ಹೆಚ್ಚು ಗಾಳಿ ಹೋಗುತ್ತಿದೆಯೋ ಅದನ್ನು ಮಾತ್ರ ನಿಧಾನವಾಗಿ ಬಿಗಿಮಾಡುತ್ತ ಉಳಿದವು ಎಚ್ಚೆತ್ತುಕೊಳ್ಳುವವರೆಗೆ ಕಾಯಬೇಕು. ಎಲ್ಲವೂ ಹದಕ್ಕೆ ಬಂದ ಮೇಲೆ ಕೊನೆಯಲ್ಲಿ ಬಯಲಿನ ವಾಲ್ವನ್ನು ತೆರೆದು ಒಟ್ಟು ಗಾಳಿಯನ್ನು ಇಳಿಸಬೇಕು. ಒಂದನ್ನು ಮುಟ್ಟಿದರೆ ಉಳಿದವೂ ಬದಲಾಗುತ್ತವೆ, ಆದ್ದರಿಂದ ಇದು ಐದು ನಿಮಿಷದ ಕೆಲಸವೆಂದು ಎಣಿಸಬಾರದು. ಅಗ್ಗದ ಪ್ಲಾಸ್ಟಿಕ್ ವಾಲ್ವ್‌ಗಳು ಕೂದಲೆಳೆಯಷ್ಟು ತಿರುಗಿಸಿದರೂ ಪೂರ್ತಿ ಮುಚ್ಚಿಕೊಳ್ಳುವಂತಿರುತ್ತವೆ. ಸೂಜಿಯ ಮೊನೆಯಂತಹ ಒಳಭಾಗವಿರುವ ಲೋಹದ ವಾಲ್ವ್‌ಗಳಿಗೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಹಿತ್ತಾಳೆಯದಾದರೆ ಅದು ನೀರಿನ ಹೊರಗೇ ಇರಲಿ, ಏಕೆಂದರೆ ಹಿತ್ತಾಳೆಯಲ್ಲಿರುವ ತಾಮ್ರ ಸಿಗಡಿ ಮತ್ತು ಬಸವನಹುಳುಗಳಿಗೆ ವಿಷ.

ಎರಡು ಬಾಯಿಯ ಪಂಪು ಕೊಂಡು ಒಂದನ್ನೇ ಬಳಸುವವರು ಇನ್ನೊಂದನ್ನು ಮುಚ್ಚದೆ ತೆರೆದಿಡಬೇಕು.

ಪಂಪಿನ ಮೇಲೆಯೇ ಗುಂಡಿ ಇರುವ ಮಾದರಿಗಳನ್ನು ಹಲವರು ಕೇಳುತ್ತಾರೆ. ಗುಂಡಿ ತಿರುಗಿಸಿದಾಗ ಕೈಯಲ್ಲಿ ಹಿಡಿದ ಪಂಪಿನ ನಡುಕ ಮೆತ್ತಗಾದರೆ ಅದು ಕರೆಂಟನ್ನೇ ಇಳಿಸುತ್ತಿದೆ ಎಂದರ್ಥ, ಅಂಥದ್ದು ಒಳ್ಳೆಯದು. ನಡುಕ ಹಾಗೇ ಇದ್ದು ಗಾಳಿ ಮಾತ್ರ ಕಡಿಮೆಯಾದರೆ, ನಮ್ಮ ಬಟ್ಟೆಯ ಕ್ಲಿಪ್ಪೇ ಪೆಟ್ಟಿಗೆಯೊಳಗೆ ಸೇರಿಕೊಂಡಿದೆ. ಕರೆಂಟು ಇಳಿಸುವ ಗುಂಡಿಗೂ ಒಂದು ಮಿತಿಯಿದೆ: ಗಾಳಿಯ ಜೊತೆಗೆ ಅದರ ಒತ್ತಡವೂ ಕುಗ್ಗುವುದರಿಂದ ಆಳದ ತೊಟ್ಟಿಯಲ್ಲಿ ಗುಳ್ಳೆಗಳು ಇದ್ದಕ್ಕಿದ್ದಂತೆ ನಿಂತುಹೋಗುತ್ತವೆ. ಇನ್ನು ಫ್ಯಾನಿನ ರೆಗ್ಯುಲೇಟರಿಗೆ ಪಂಪನ್ನು ಜೋಡಿಸುವ ಪ್ರಯೋಗವನ್ನು ನಾನು ಎರಡು ಮನೆಗಳಲ್ಲಿ ಕಂಡಿದ್ದೇನೆ. ಫ್ಯಾನಿಗೆಂದು ಮಾಡಿದ ಆ ಸಾಧನ ಮೂರು ನಾಲ್ಕು ವಾಟ್ ಎಳೆಯುವ ಪಂಪನ್ನು ಸಮವಾಗಿ ನಡೆಸಲಾರದು. ಪಂಪು ಟಪಟಪ ಬಡಿದುಕೊಳ್ಳುತ್ತಿತ್ತು. ದಯವಿಟ್ಟು ಮಾಡಬೇಡಿ.

ಈಗ ಎಷ್ಟು ಗಾಳಿ ಸಾಕು ಎಂಬ ಪ್ರಶ್ನೆ. ಗುಳ್ಳೆಗಳು ಮೇಲೇರುವಾಗ ನೀರಿಗೆ ಕೊಡುವ ಆಮ್ಲಜನಕ ಕಡಿಮೆ. ಅವು ತಳದ ನೀರನ್ನು ಮೇಲೆತ್ತಿ ಮೇಲ್ಮೈಯನ್ನು ಕದಡುತ್ತವೆ, ಅಲ್ಲಿ ನೀರು ಗಾಳಿಯೊಡನೆ ಬೆರೆಯುತ್ತದೆ. ಆದ್ದರಿಂದ ನಾನು ಗುಳ್ಳೆಗಳ ಅಬ್ಬರವನ್ನು ನೋಡುವುದಿಲ್ಲ. ಮೇಲ್ಮೈಯ ಅಲೆ ತೊಟ್ಟಿಯ ನಾಲ್ಕೂ ಮೂಲೆಗಳಿಗೆ ತಲುಪುತ್ತಿದೆಯೇ ಎಂದು ನೋಡುತ್ತೇನೆ. ಅಳತೆ ಬೇಕೆನ್ನುವವರು ಒಂದು ಲೀಟರಿನ ಬಾಟಲಿಯಲ್ಲಿ ನೀರು ತುಂಬಿ, ಬಾಯಿ ನೀರಿನೊಳಗೇ ಇರುವಂತೆ ತೊಟ್ಟಿಯಲ್ಲಿ ಬೋರಲು ಹಿಡಿದು, ಗುಳ್ಳೆಗಳನ್ನೆಲ್ಲ ಅದರೊಳಗೆ ಹಿಡಿಯಬಹುದು. ಬಾಟಲಿಯ ನೀರೆಲ್ಲ ಇಳಿದು ಗಾಳಿ ತುಂಬಲು 60 ಸೆಕೆಂಡು ಹಿಡಿದರೆ ನಿಮಿಷಕ್ಕೆ ಒಂದು ಲೀಟರ್, 120 ಸೆಕೆಂಡು ಹಿಡಿದರೆ ಅರ್ಧ ಲೀಟರ್. ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಿಂತ ಇದು ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ.

ನಮ್ಮ ಸೀಮೆಯ ಬೇಸಿಗೆ ಮಾತ್ರ ಈ ಲೆಕ್ಕವನ್ನು ಬದಲಿಸುತ್ತದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಸುಮಾರು 450 ಮೀಟರ್ ಎತ್ತರದಲ್ಲಿರುವ ಕಲಬುರಗಿಯಲ್ಲಿ ಇನ್ನೂ ಸ್ವಲ್ಪ ಕಡಿಮೆ, ಬೀದರಿನಲ್ಲಿ ಅದಕ್ಕಿಂತ ಕಡಿಮೆ. ಹೊರಗೆ 42 ಡಿಗ್ರಿ ಇರುವ ಮೇ ತಿಂಗಳಲ್ಲಿ ತೊಟ್ಟಿಯ ನೀರು ಬಿಸಿಯಾದಂತೆ ಮೀನಿನ ಉಸಿರಾಟದ ಅಗತ್ಯ ಏರುತ್ತದೆ, ನೀರಿನಲ್ಲಿರುವ ಆಮ್ಲಜನಕ ಇಳಿಯುತ್ತದೆ. ಚಳಿಗಾಲದಲ್ಲಿ ಹದಕ್ಕೆ ತಂದ ವಾಲ್ವನ್ನು ಯುಗಾದಿಯ ಹೊತ್ತಿಗೆ ಒಮ್ಮೆ ಮುಟ್ಟಿ, ಬಯಲಿಗೆ ಹೋಗುವ ಗಾಳಿಯನ್ನು ತೊಟ್ಟಿಗೆ ಮರಳಿಸಿ. ಗಿಡಗಳಿರುವ ತೊಟ್ಟಿಯವರು ರಾತ್ರಿ ಪಂಪು ನಿಲ್ಲಿಸುವ ಅಭ್ಯಾಸವನ್ನು ಬಿಡಬೇಕು, ಏಕೆಂದರೆ ಕತ್ತಲಲ್ಲಿ ಗಿಡಗಳೂ ಆಮ್ಲಜನಕವನ್ನೇ ಬಳಸುತ್ತವೆ. ಮೀನುಗಳು ಬೆಳಗಿನ ಜಾವ ಮೇಲೆ ಬಂದು ಬಾಯಿ ತೆರೆಯುವುದಕ್ಕೆ ಇದೂ ಒಂದು ಕಾರಣ.

ಮೀನಿನ ಜಾತಿಯೂ ಮುಖ್ಯ. ಫೈಟರ್ ಮೀನು ಮತ್ತು ಗೌರಾಮಿ ಮೇಲೆ ಬಂದು ನೇರವಾಗಿ ಗಾಳಿ ಗುಟುಕರಿಸಬಲ್ಲವು. ಅಲೆ ಹೆಚ್ಚಾದರೆ ದಣಿಯುತ್ತವೆ, ಗಂಡು ಫೈಟರ್ ಕಟ್ಟಿದ ನೊರೆಯ ಗೂಡು ಒಡೆದುಹೋಗುತ್ತದೆ. ಗಪ್ಪಿಯ ಮರಿಗಳಿರುವಲ್ಲಿ ಗುಳ್ಳೆಗಳನ್ನು ಎಣಿಸಬಹುದಾದಷ್ಟಕ್ಕೆ ಇಳಿಸಿದ ಸ್ಪಂಜ್ ಫಿಲ್ಟರು ಸಾಕು. ಗೋಲ್ಡ್ ಫಿಶ್ ಮಾತ್ರ ತಂಪು ನೀರಿನ, ಹೊಟ್ಟೆಬಾಕ ಮೀನು. ಅದಕ್ಕೆ ಗಾಳಿ ಇಳಿಸಿಕೊಡಿ ಎಂದು ಕೇಳಿದವರ ಮಾತನ್ನು ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ನೀವು ಇಳಿಸದೆಯೇ ಗಾಳಿ ತಾನಾಗಿ ಇಳಿಯುತ್ತಿದ್ದರೆ ವಾಲ್ವಿಗೆ ಕೈಹಾಕುವ ಮೊದಲು ಏರ್ ಸ್ಟೋನನ್ನು ಕಳಚಿ ನೋಡಿ. ಬರಿಯ ಪೈಪಿನಿಂದ ಗಾಳಿ ಜೋರಾಗಿ ಬಂದರೆ ತಪ್ಪು ಸ್ಟೋನಿನದು. ಶಹಾಬಾದ್, ಸೇಡಂ ಕಡೆಯ ಸುಣ್ಣದ ಕಲ್ಲಿನ ನೆಲದಿಂದ ಬರುವ ಬೋರಿನ ನೀರು ಗಡಸು. ಸ್ಟೋನಿನ ರಂಧ್ರಗಳಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ಒಂದು ರಾತ್ರಿ ವಿನಿಗರಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದು ಒಣಗಿಸಿದರೆ ಬಹುಪಾಲು ಬಿಡುತ್ತದೆ. ಬರಿಯ ಪೈಪಿನಲ್ಲೂ ಗಾಳಿ ಕ್ಷೀಣವಾಗಿದ್ದರೆ ಪಂಪಿನ ತಳದಲ್ಲಿ ಗಾಳಿ ಒಳಹೋಗುವ ಸಣ್ಣ ಉಣ್ಣೆಯ ತುಂಡನ್ನು ತೆಗೆದು ನೋಡಿ. ಕಪನೂರ ಕಡೆಯ ದಾಲ್ ಮಿಲ್ ಒಂದರ ಕಚೇರಿಯಲ್ಲಿ ನಾನು ನೋಡಿಕೊಳ್ಳುವ ತೊಟ್ಟಿಯಲ್ಲಿ ಆ ತುಂಡು ತಿಂಗಳೊಳಗೆ ತೊಗರಿಯ ಹೊಟ್ಟಿನ ಧೂಳಿನಿಂದ ಹಳದಿಯಾಗಿ ಮುಚ್ಚಿಕೊಳ್ಳುತ್ತದೆ. ಒಳದಾರಿ ಕಟ್ಟಿದರೂ ಪಂಪಿಗೆ ಕುತ್ತಿಗೆ ಹಿಸುಕಿದಷ್ಟೇ ತೊಂದರೆ.

ಕರೆಂಟು ಹೋದಾಗ ನೀರು ಹಿಂದಕ್ಕೆ ಬರದಂತೆ ತಡೆಯುವ ಚೆಕ್ ವಾಲ್ವನ್ನು ಟೀ ಜಾಯಿಂಟ್ ಮತ್ತು ತೊಟ್ಟಿಯ ನಡುವೆ, ಬಾಣದ ಗುರುತು ತೊಟ್ಟಿಯ ಕಡೆಗಿರುವಂತೆ ಹಾಕಬೇಕು. ಅದರೊಳಗಿನ ರಬ್ಬರು ಕಾಲಕ್ರಮದಲ್ಲಿ ಗಟ್ಟಿಯಾಗುತ್ತದೆ. ತಿಂಗಳಿಗೊಮ್ಮೆ ಪಂಪಿನ ಪ್ಲಗ್ಗನ್ನು ಕಿತ್ತು ಹತ್ತು ನಿಮಿಷ ಪೈಪನ್ನು ಗಮನಿಸಿ; ನೀರು ಚೆಕ್ ವಾಲ್ವನ್ನು ದಾಟಿ ಪಂಪಿನ ಕಡೆ ಬಂದಿದ್ದರೆ ಹಳೆಯದನ್ನು ಎಸೆದು ಅದೇ ದಿನ ಹೊಸದನ್ನು ಹಾಕಿ.