ಸ್ವಂತ ಊರಿಗೆ ಆರು ದಿನದ ವೀಸಾ

1990ರ ಜೂನ್ 10ರಂದು ಗಾಯಕಿ ಮಿರಿಯಂ ಮಕೇಬಾ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ನಲ್ಲಿ ವಿಮಾನ ಇಳಿದರು. ಹುಟ್ಟಿ ಬೆಳೆದ ಊರು. ಆದರೆ ಕೈಯಲ್ಲಿದ್ದದ್ದು ಫ್ರಾನ್ಸ್‌ನ ಪಾಸ್‌ಪೋರ್ಟ್, ಅದಕ್ಕೆ ಸಿಕ್ಕಿದ್ದು ಆರು ದಿನದ ವೀಸಾ. ಮನೆಗೆ ಬಂದ ನೆಂಟರಿಗೇ ನಾವು ಇನ್ನೆರಡು ದಿನ ಇದ್ದು ಹೋಗಿ ಅಂತೀವಿ, ಅಲ್ವಾ? ಇಲ್ಲಿ ಮನೆ ಮಗಳಿಗೇ ಎಣಿಸಿ ಆರು ದಿನ ಕೊಟ್ಟಿದ್ದರು. ಅದೂ 31 ವರ್ಷ ಕಾದ ಮೇಲೆ.

ಹಾಡುವ ಹೆಂಗಸೊಬ್ಬರ ಮೇಲೆ ಸರ್ಕಾರಕ್ಕೆ ಅಷ್ಟು ಸಿಟ್ಟು ಯಾಕೆ? ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮಕೇಬಾ ಹುಟ್ಟಿದ್ದು 1932ರ ಮಾರ್ಚ್ 4ರಂದು. ತಂದೆ ಖೋಸಾ ಜನಾಂಗದವರು, ತಾಯಿ ಸ್ವಾಜಿ. ಬಿಳಿಯರ ಮನೆಗೆಲಸ ಮಾಡುತ್ತಿದ್ದ ತಾಯಿ, ಮೆಕ್ಕೆಜೋಳ ಮತ್ತು ಮೊಳಕೆ ಬರಿಸಿದ ಜೋಳದಿಂದ ಮನೆಯಲ್ಲೇ ಬೀರು ಮಾಡಿ ನಾಲ್ಕು ಕಾಸು ಸಂಪಾದಿಸುತ್ತಿದ್ದರು. ಕಪ್ಪು ಜನ ಹೀಗೆ ಬೀರು ಮಾಡಿ ಮಾರುವುದು ಆಗ ಅಪರಾಧ. ದಂಡ ಕಟ್ಟಲು ದುಡ್ಡಿರಲಿಲ್ಲ, ಆರು ತಿಂಗಳು ಜೈಲಾಯಿತು. ಮಗುವಿಗೆ ಆಗ 18 ದಿನ. ಅಮ್ಮನ ಜೊತೆ ಅದೂ ಒಳಗೆ ಹೋಯಿತು.

1948ರಲ್ಲಿ ಬಿಳಿಯರ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂತು. ವರ್ಣಭೇದವೇ ಕಾನೂನಾಯಿತು. ತಮ್ಮದೇ ದೇಶದ ಪೇಟೆಯಲ್ಲಿ ಓಡಾಡಲು ಕಪ್ಪು ಜನ ಸದಾ ಪಾಸ್ ಪುಸ್ತಕ ಇಟ್ಟುಕೊಂಡಿರಬೇಕು, ಇಲ್ಲವಾದರೆ ಜೈಲು. ಜನ ಅದನ್ನು 'ಡೊಂಪಾಸ್' ಅಂತ ಬೈಯುತ್ತಿದ್ದರು, ದಡ್ಡ ಪಾಸ್ ಅಂತ. ಈ ಪಾಸ್ ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಆ ಹೊತ್ತಿನಲ್ಲೇ ಮಕೇಬಾ ಮ್ಯಾನ್‌ಹಟನ್ ಬ್ರದರ್ಸ್ ಎಂಬ ತಂಡದ ಜೊತೆ ಹಾಡಿ ಹೆಸರು ಮಾಡಿದರು. ಆಮೇಲೆ ಹೆಣ್ಣುಮಕ್ಕಳದೇ ತಂಡ ಸ್ಕೈಲಾರ್ಕ್ಸ್. 1959ರಲ್ಲಿ ಬದುಕು ತಿರುಗಿತು. ಅಮೆರಿಕದ ನಿರ್ದೇಶಕ ಲಯನೆಲ್ ರೊಗೊಸಿನ್ ವರ್ಣಭೇದದ ಬಗ್ಗೆ ಗುಟ್ಟಾಗಿ ಚಿತ್ರೀಕರಿಸಿದ 'ಕಮ್ ಬ್ಯಾಕ್, ಆಫ್ರಿಕಾ' ಸಿನಿಮಾದಲ್ಲಿ ಅವರದು ಕೆಲವೇ ನಿಮಿಷದ ಪಾತ್ರ. ಆ ಚಿತ್ರಕ್ಕಾಗಿ ವೆನಿಸ್ ಚಿತ್ರೋತ್ಸವಕ್ಕೆ ಹೋದರು. ಲಂಡನ್‌ನಲ್ಲಿ ಅಮೆರಿಕದ ಹೆಸರಾಂತ ಗಾಯಕ ಹ್ಯಾರಿ ಬೆಲಾಫಾಂಟೆ ಸಿಕ್ಕರು, ಅಲ್ಲಿಂದ ನ್ಯೂಯಾರ್ಕ್.

ಅಮೆರಿಕನ್ನರು ಬೆರಗಾದದ್ದು ಒಂದು ಮದುವೆ ಹಾಡಿಗೆ. ಟಕ್ ಟಕ್ ಸದ್ದು ಮಾಡುವ ಜೀರುಂಡೆಯ ಮೇಲೆ ಖೋಸಾ ಜನ ಕಟ್ಟಿದ ಹಾಡು ಅದು. ನಾವು 'ಅಯ್ಯೋ ಪಾಪ' ಅನ್ನುವಾಗ ಲೊಚಗುಟ್ಟುತ್ತೇವಲ್ಲ, ಎತ್ತು ಹೊಡೆಯುವಾಗ ನಾಲಿಗೆಯಲ್ಲಿ ಸದ್ದು ಮಾಡುತ್ತೇವಲ್ಲ, ಅಂಥವೆಲ್ಲ ಖೋಸಾ ಭಾಷೆಯಲ್ಲಿ ವ್ಯಂಜನಗಳು. ಅವುಗಳನ್ನು ಬರೆಯಲು ಕನ್ನಡದಲ್ಲಿ ಅಕ್ಷರವಿಲ್ಲ. ಬಿಳಿಯರಿಗೆ ಹಾಡಿನ ಹೆಸರು ಹೇಳಲು ನಾಲಿಗೆ ಹೊರಳಲಿಲ್ಲ. ಸುಮ್ನೆ 'ಕ್ಲಿಕ್ ಹಾಡು' ಅಂತ ಕರೆದುಬಿಟ್ಟರು.

1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಜನ ಅದೇ ಪಾಸ್ ವಿರುದ್ಧ ಸೇರಿದ್ದರು. ಪೊಲೀಸರು ಗುಂಡು ಹಾರಿಸಿದರು. 69 ಜನ ಸತ್ತರು. ಅದೇ ವರ್ಷ ಮಕೇಬಾ ಅವರ ತಾಯಿ ತೀರಿಕೊಂಡರು. ಮಣ್ಣು ಮಾಡಲು ಹೋಗಬೇಕೆಂದು ಹೊರಟಾಗ ಗೊತ್ತಾಯಿತು, ಪಾಸ್‌ಪೋರ್ಟ್ ರದ್ದಾಗಿದೆ. ಊರಿನೊಳಗೆ ಓಡಾಡಲು ಒಂದು ಕಾಗದ, ಊರಿಗೆ ವಾಪಸಾಗಲು ಇನ್ನೊಂದು. ಎರಡರ ಕೀಲಿಯೂ ಒಂದೇ ಸರ್ಕಾರದ ಕೈಯಲ್ಲಿತ್ತು.

1963ರಲ್ಲಿ ವಿಶ್ವಸಂಸ್ಥೆಯ ಸಮಿತಿಯ ಮುಂದೆ ಕೂತು, ದಕ್ಷಿಣ ಆಫ್ರಿಕಾವನ್ನು ಬಹಿಷ್ಕರಿಸಿ ಎಂದರು. ಪೌರತ್ವ ಹೋಯಿತು, ತಾಯ್ನಾಡಿನಲ್ಲಿ ಅವರ ರೆಕಾರ್ಡುಗಳಿಗೆ ನಿಷೇಧ ಬಿತ್ತು. ಹೊರಗೆ ಮಾತ್ರ ಹೆಸರು ಬೆಳೆಯುತ್ತಲೇ ಹೋಯಿತು. 1966ರಲ್ಲಿ ಬೆಲಾಫಾಂಟೆ ಜೊತೆ ಗ್ರ್ಯಾಮಿ ಸಿಕ್ಕಿತು. 1967ರಲ್ಲಿ 'ಪಾಟಾ ಪಾಟಾ' ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 12ನೇ ಸ್ಥಾನಕ್ಕೆ ಏರಿತು. ಹೆಸರಿಗೆ 'ಮುಟ್ಟು ಮುಟ್ಟು' ಅಂತ ಅರ್ಥ, ಕುಣಿತದ ಹಾಡು, ಸ್ಕೈಲಾರ್ಕ್ಸ್ ಕಾಲದ್ದು. ಗಟ್ಟಿ ಅರ್ಥದ ಹಾಡುಗಳನ್ನೆಲ್ಲ ಬಿಟ್ಟು ಜನ ಇದನ್ನೇ ಹಿಡಿದುಕೊಂಡರಲ್ಲ ಅಂತ ಅವರಿಗೆ ಬೇಸರವಿತ್ತು.

ಅಮೆರಿಕವೂ ಜಾಸ್ತಿ ದಿನ ಒಗ್ಗಲಿಲ್ಲ. 1968ರಲ್ಲಿ ಕಪ್ಪು ಜನರ ಹೋರಾಟಗಾರ ಸ್ಟೋಕ್ಲಿ ಕಾರ್ಮೈಕಲ್ ಅವರನ್ನು ಮದುವೆಯಾದದ್ದೇ ತಡ, ಕಾರ್ಯಕ್ರಮಗಳು ಒಂದೊಂದಾಗಿ ರದ್ದಾದವು. ಗಂಡ ಹೆಂಡತಿ ಗಿನಿ ದೇಶಕ್ಕೆ ಹೋದರು. ಅಧ್ಯಕ್ಷ ಸೆಕು ಟೂರೆ ಆಶ್ರಯ ಕೊಟ್ಟರು. ಗಿನಿಯ ಪ್ರತಿನಿಧಿಯಾಗಿ ಮಕೇಬಾ ಮತ್ತೆ ವಿಶ್ವಸಂಸ್ಥೆಯಲ್ಲಿ ಮಾತಾಡಿದರು. ಒಂದು ಮಾತು ಹೇಳಲೇಬೇಕು: ಈ ಟೂರೆಯ ಆಳ್ವಿಕೆಯಲ್ಲೇ ಕ್ಯಾಂಪ್ ಬೊಯ್ರೊ ಎಂಬ ಭಯಂಕರ ಜೈಲೂ ನಡೆಯುತ್ತಿತ್ತು. ನೆಲೆ ಕೊಟ್ಟವರ ತಪ್ಪು ಎತ್ತಿ ಆಡುವುದು ಸುಲಭವಲ್ಲ ನಿಜ. ಆದರೂ ಮಕೇಬಾ ಅವರ ಆ ಮೌನ ನನಗೆ ಚುಚ್ಚುತ್ತದೆ.

1985ರಲ್ಲಿ ಒಬ್ಬಳೇ ಮಗಳು ಬೊಂಗಿ ತೀರಿಕೊಂಡಳು. 1987ರಲ್ಲಿ ಅಮೆರಿಕದ ಗಾಯಕ ಪಾಲ್ ಸೈಮನ್ ಅವರ 'ಗ್ರೇಸ್‌ಲ್ಯಾಂಡ್' ಪ್ರವಾಸದಲ್ಲಿ ಹಾಡಿದರು. ದಕ್ಷಿಣ ಆಫ್ರಿಕಾಕ್ಕೆ ಹೋಗಿ ಹಾಡು ರೆಕಾರ್ಡ್ ಮಾಡಿ ಬಹಿಷ್ಕಾರ ಮುರಿದವರು ಅಂತ ಸೈಮನ್ ಮೇಲೆ ಕೂಗೆದ್ದಿದ್ದ ಕಾಲ ಅದು. ಬಹಿಷ್ಕಾರ ಕೇಳಿದವರೇ ಆ ವೇದಿಕೆ ಹತ್ತಿದರು. 1990ರ ಫೆಬ್ರುವರಿಯಲ್ಲಿ ಮಂಡೇಲಾ ಬಿಡುಗಡೆಯಾದರು. ವಾಪಸು ಬನ್ನಿ ಎಂದು ಕರೆದವರು ಅವರೇ. ಆಗ ಸಿಕ್ಕಿದ್ದೇ ಆ ಆರು ದಿನದ ವೀಸಾ.

2008ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಕಾಸ್ತೆಲ್ ವೊಲ್ತುರ್ನೊ ಊರಿನಲ್ಲಿ ಕಮೋರ್ರಾ ಮಾಫಿಯಾದವರು ಪಶ್ಚಿಮ ಆಫ್ರಿಕಾದಿಂದ ಬಂದ ಆರು ವಲಸಿಗರನ್ನು ಗುಂಡಿಟ್ಟು ಕೊಂದರು. ನವೆಂಬರ್ 9ರ ರಾತ್ರಿ ಅದೇ ಊರಿನಲ್ಲಿ, ಮಾಫಿಯಾದ ಬೆದರಿಕೆ ಎದುರಿಸುತ್ತಿದ್ದ ಲೇಖಕ ರೊಬೆರ್ತೊ ಸವಿಯಾನೊ ಅವರಿಗೆ ಬೆಂಬಲವಾಗಿ ಕಾರ್ಯಕ್ರಮ. 76 ವರ್ಷದ ಮಕೇಬಾ ಕಾಲುನೋವಿನಲ್ಲೂ ಬಂದು ಹಾಡಿದರು. ಕೊನೆಗೆ ಹಾಡಿದ್ದು ತಾವು ಹಗುರ ಅಂದುಕೊಂಡಿದ್ದ ಆ 'ಪಾಟಾ ಪಾಟಾ'. ಅದು ಮುಗಿಯುತ್ತಲೇ ಕುಸಿದರು. ಆಸ್ಪತ್ರೆಗೆ ಸಾಗಿಸಿದರೂ ಉಳಿಯಲಿಲ್ಲ.