ಕಾಯಿಲ್ ಸುಟ್ಟಿದೆ ಅನ್ನುವ ಮುಂಚೆ

ಹಳೇ ಫ್ಯಾನ್ ಹಿಡಿದುಕೊಂಡು ಬರುವವರು ಬಾಗಿಲಲ್ಲೇ ರೋಗವನ್ನೂ ಹೇಳಿಬಿಡುತ್ತಾರೆ. "ಕಾಯಿಲ್ ಹೋಗಿದೆ ಸಾರ್, ರಿವೈಂಡಿಂಗ್‌ಗೆ ಎಷ್ಟಾಗುತ್ತೆ?" ಬಿಚ್ಚಿ ನೋಡಿದರೆ ಬಹಳಷ್ಟು ಸಲ ಕಾಯಿಲ್ ಚೆನ್ನಾಗೇ ಇರುತ್ತದೆ. ಕೆಟ್ಟಿರುವುದು ಎಣ್ಣೆ, ವೈರು, ಇಲ್ಲವೇ ಮೋಟರು ಶುರುವಾಗಲು ತಳ್ಳು ಕೊಡುವ ಕಂಡೆನ್ಸರ್. 1950–60ರ ದಶಕದ ಜಿಇಸಿ, ಉಷಾ, ಓರಿಯಂಟ್ ಫ್ಯಾನುಗಳ ಒಳಗಿರುವುದು ಒಳ್ಳೇ ತಾಮ್ರದ ತಂತಿ. ಅದನ್ನು ಕಿತ್ತು ಹೊಸದು ಸುತ್ತಿಸುವುದು ಕೊನೆಯ ದಾರಿ. ನಮ್ಮಲ್ಲಿ ಅದೇ ಮೊದಲನೆಯ ದಾರಿಯಾಗಿ ಕೂತಿದೆ.

ಅಟ್ಟದಿಂದ ಇಳಿಸಿದ ಫ್ಯಾನನ್ನು ಸೀದಾ ಪ್ಲಗ್ಗಿಗೆ ಹಾಕಬೇಡಿ. "ಸುಮ್ನೆ ಓಡುತ್ತಾ ನೋಡೋಣ" ಅಂತ ಸ್ವಿಚ್ ಒತ್ತಿಯೇ ಎಷ್ಟೋ ಕಾಯಿಲ್‌ಗಳು ಸುಟ್ಟಿವೆ. ರೆಕ್ಕೆ ಕೂತಿರುವ ಕಡ್ಡಿ, ಅಂದರೆ ಶಾಫ್ಟ್, ಬಿಗಿದಿದ್ದರೆ ಮೋಟರು ತಿರುಗುವುದಿಲ್ಲ, ಆದರೆ ಕರೆಂಟು ಎಳೆಯುತ್ತಲೇ ಇರುತ್ತದೆ. ತಂಪು ಮಾಡಲು ಗಾಳಿಯೂ ಇಲ್ಲ. ಹಾಗಾಗಿ ಮೊದಲು ಕೈಯಲ್ಲೇ ರೆಕ್ಕೆ ತಿರುಗಿಸಿ. ಕೈ ಬಿಟ್ಟ ಮೇಲೂ ನಾಲ್ಕು ಸುತ್ತು ಹೋಗಿ ನಿಧಾನಕ್ಕೆ ನಿಂತರೆ ಸರಿ. ಗಕ್ಕನೆ ನಿಂತರೆ ಎಣ್ಣೆ ಒಣಗಿದೆ ಅಂತ. ಆಮೇಲೆ ಮೋಟರನ್ನು ಮೂಸಿ ನೋಡಿ. ಕಾಯಿಲ್ ಸುಟ್ಟಿದ್ದರೆ ಅದರ ಮೇಲಿನ ವಾರ್ನಿಶ್‌ನ ವಾಸನೆ ಅಷ್ಟು ಬೇಗ ಹೋಗುವಂಥದ್ದಲ್ಲ.

ಹಳೇ ಟೇಬಲ್ ಫ್ಯಾನಿನ ಶಾಫ್ಟು ತಿರುಗುವುದು ಸಾಮಾನ್ಯವಾಗಿ ಎರಡು ಬುಷ್‌ಗಳಲ್ಲಿ, ಅಂದರೆ ಲೋಹದ ಬಳೆಗಳಲ್ಲಿ, ಬಾಲ್ ಬೇರಿಂಗ್‌ನಲ್ಲಲ್ಲ. ಬುಷ್ ಸುತ್ತ ಫೆಲ್ಟ್, ಅಂದರೆ ಒತ್ತಿದ ಉಣ್ಣೆಯ ತುಂಡು, ಇರುತ್ತದೆ. ಅದು ಎಣ್ಣೆ ಕುಡಿದು ಇಟ್ಟುಕೊಂಡು, ಸ್ವಲ್ಪಸ್ವಲ್ಪವೇ ಶಾಫ್ಟಿಗೆ ಬಿಡುತ್ತದೆ. ವರ್ಷಗಟ್ಟಲೆ ನಿಂತ ಫ್ಯಾನಿನ ಹಿಂದಿನ ಮುಚ್ಚಳ ಬಿಚ್ಚಿ ನೋಡಿ, ಈ ಎಣ್ಣೆ ಜೋನಿಬೆಲ್ಲದ ಹಾಗೆ ಕಂದಾಗಿ ಶಾಫ್ಟಿಗೆ ಅಂಟಿಕೊಂಡಿರುತ್ತದೆ. ಶಾಫ್ಟು, ಬುಷ್ ಎರಡಕ್ಕೂ ಸೀಮೆಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಹತ್ತಿಬಟ್ಟೆಯಲ್ಲಿ ಒರೆಸಿ. ಉಪ್ಪುಕಾಗದ ಮಾತ್ರ ತಾಗಿಸಬೇಡಿ. ತಿರುಗುವ ಭಾಗವಾದ ರೋಟರಿಗೂ, ಕಾಯಿಲ್ ಇರುವ ನಿಂತ ಭಾಗವಾದ ಸ್ಟೇಟರಿಗೂ ನಡುವೆ ಇರುವ ಸಂದು ಒಂದು ಮಿಲಿಮೀಟರ್ ಕೂಡ ಇಲ್ಲ. ಬುಷ್ ಸ್ವಲ್ಪ ಸವೆದರೂ ಎರಡೂ ತಿಕ್ಕಾಡುತ್ತವೆ. ಶಾಫ್ಟನ್ನು ಮೇಲೆ ಕೆಳಗೆ ಅಲ್ಲಾಡಿಸಿದಾಗ ಟಕ್ ಟಕ್ ಅಂದರೆ ಬುಷ್ ಸವೆದಿದೆ. ಲೇತ್‌ನವರ ಹತ್ತಿರ ಗನ್‌ಮೆಟಲ್‌ನಲ್ಲಿ ಹೊಸದು ಕಡೆಸಬಹುದು, ಅದೇನೂ ದೊಡ್ಡ ಕೆಲಸ ಅಲ್ಲ.

ಈಗ ಯಾವ ಎಣ್ಣೆ ಅನ್ನುವ ಪ್ರಶ್ನೆ. ನಮ್ಮ ಕಡೆ ಕೀಲು, ಬೀಗ, ಫ್ಯಾನು ಎಲ್ಲಕ್ಕೂ ಕೊಬ್ಬರಿ ಎಣ್ಣೆಯೇ ಮದ್ದು. ಬೀಗಕ್ಕೆ ಹಾಕಿಕೊಳ್ಳಿ, ನನ್ನ ತಕರಾರಿಲ್ಲ. ಫ್ಯಾನಿಗೆ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ದಿನ ಕಳೆದಂತೆ ಅಂಟೂ ಆಗುತ್ತದೆ. ಹೊಲಿಗೆ ಮಿಷನ್ ಎಣ್ಣೆ ತೆಳು, ಆಗಾಗ ಹಾಕುತ್ತಿರಬೇಕು. ಮೋಟರಿಗೆಂದೇ ಸಿಗುವ 20 ಗ್ರೇಡಿನ, ಡಿಟರ್ಜೆಂಟ್ ಇಲ್ಲದ ಎಣ್ಣೆ ಒಳ್ಳೆಯದು. ಫೆಲ್ಟ್ ನೆನೆಯುವಷ್ಟು ಹಾಕಿದರೆ ಸಾಕು. ಸುರಿದರೆ ಅದು ಕಾಯಿಲ್‌ಗೆ ಇಳಿಯುತ್ತದೆ. ಸ್ಪ್ರೇ ಡಬ್ಬಿಯಲ್ಲಿ ಬರುವುದು ತುಕ್ಕು ಬಿಡಿಸಲು ಸರಿ. ಓಡುವ ಶಾಫ್ಟಿಗೆ ಅದೊಂದೇ ಸಾಲದು.

ಕತ್ತು ತಿರುಗಿಸುವ ಫ್ಯಾನಾದರೆ ಹಿಂದಿನ ಗೇರ್ ಪೆಟ್ಟಿಗೆಯಲ್ಲಿ ಗ್ರೀಸು ಗಟ್ಟಿಯಾಗಿರುತ್ತದೆ. ಪೂರ್ತಿ ತೆಗೆದು ಹೊಸದು ತುಂಬಿ. ಕತ್ತು ತಿರುಗಿಸುವ ಗುಂಡಿ ಒತ್ತಿರುವಾಗಲೇ ತಲೆಯನ್ನು ಕೈಯಲ್ಲಿ ತಿರುಚಬಾರದು, ಗೇರ್ ಹಲ್ಲು ಮುರಿಯುತ್ತದೆ. ಮುರಿದರೆ ಆ ಗೇರ್ ಬೆಂಗಳೂರಿನ ಎಸ್‌ಪಿ ರೋಡಿನ ಬಿಡಿಭಾಗದ ಅಂಗಡಿಗಳಲ್ಲೂ ಸಿಗುವುದು ಕಷ್ಟ. ಅದೇ ಮಾದರಿಯ ಇನ್ನೊಂದು ಫ್ಯಾನಿಗಾಗಿ ಗುಜರಿ ಅಂಗಡಿ ಸುತ್ತಬೇಕಾಗುತ್ತದೆ.

ವೈರಿನ ವಿಷಯಕ್ಕೆ ಬರೋಣ. ಹಳೇ ಫ್ಯಾನಿನ ಕಾಯಿಲ್‌ನಿಂದ ಹೊರಬರುವ ತುಂಡು ವೈರಿಗೆ ರಬ್ಬರ್ ಹೊದಿಕೆ ಇರುತ್ತದೆ, ಮೇಲೆ ಹತ್ತಿ ನೂಲು. ಹೊರಗಿಂದ ನೂಲು ಚೆನ್ನಾಗೇ ಕಾಣುತ್ತದೆ. ಬೆರಳಲ್ಲಿ ಸ್ವಲ್ಪ ಬಗ್ಗಿಸಿದರೆ ಒಳಗಿನ ರಬ್ಬರ್ ಪುಡಿಪುಡಿಯಾಗಿ ಉದುರಿ ತಾಮ್ರ ಇಣುಕುತ್ತದೆ. ಶಾಕ್ ಹೊಡೆಸುವುದು ಹೆಚ್ಚಾಗಿ ಈ ಗೇಣುದ್ದದ ವೈರು. ಕಾಯಿಲ್ ಜೊತೆಗಿನ ಬೆಸುಗೆಯವರೆಗೂ ಹೋಗಿ ಹೊಸ ವೈರು ಬೆಸೆದು, ಸ್ಲೀವ್ ಏರಿಸಿ, ದಾರದಲ್ಲಿ ಕಟ್ಟಿ, ವಾರ್ನಿಶ್ ಹಚ್ಚಬೇಕು. ಕಾಯಿಲ್ ತಂತಿ ಸೆಟೆದಿರುತ್ತದೆ, ಎಳೆದಾಡಬೇಡಿ.

ಮಲೆನಾಡು, ಕರಾವಳಿಯಿಂದ ಬಂದ ಫ್ಯಾನುಗಳಲ್ಲಿ ಇನ್ನೊಂದು ತೊಂದರೆ, ತೇವ. ಕಾಯಿಲ್‌ನಿಂದ ಮೈಗೆ ಕರೆಂಟು ಸೋರುತ್ತಿದೆಯಾ ಅಂತ ಅಳೆಯುವ ಮೆಗ್ಗರ್ ಹಚ್ಚಿದರೆ ಮುಳ್ಳು ಮೇಲೇಳುವುದೇ ಇಲ್ಲ. "ಹೋಯ್ತು" ಅಂತ ಕೈಬಿಡಬೇಡಿ. ಸ್ಟೇಟರನ್ನು ಮರದ ಪೆಟ್ಟಿಗೆಯಲ್ಲಿಟ್ಟು, ತಾಗದಷ್ಟು ದೂರದಲ್ಲಿ 60 ವ್ಯಾಟಿನ ಹಳೇ ಬಲ್ಬ್ ಉರಿಸಿ ನಿಧಾನಕ್ಕೆ ಒಣಗಿಸಿ, ಮತ್ತೆ ಅಳೆಯಿರಿ. ಎಷ್ಟೋ ಕಾಯಿಲ್‌ಗಳು ಹೀಗೇ ಬದುಕುತ್ತವೆ. 500 ವೋಲ್ಟಿನ ಮೆಗ್ಗರ್‌ನಲ್ಲಿ 2 ಮೆಗಾಓಂ ಬರುವವರೆಗೂ ನಾನು ಕರೆಂಟು ಕೊಡುವುದಿಲ್ಲ. ಮೊದಲ ಸಲ ಕೊಡುವುದೂ ಸೀರೀಸ್ ಬಲ್ಬಿನ ಮೂಲಕವೇ, ಅಂದರೆ ಕರೆಂಟು ಒಂದು ಬಲ್ಬನ್ನು ದಾಟಿಯೇ ಫ್ಯಾನಿಗೆ ಹೋಗುವ ಹಾಗೆ. ಶಾರ್ಟ್ ಇದ್ದರೆ ಬಲ್ಬು ಝಗ್ಗನೆ ಉರಿಯುತ್ತದೆ, ಫ್ಯಾನಿಗೆ ಏನೂ ಆಗುವುದಿಲ್ಲ.

ಸೀಲಿಂಗ್ ಫ್ಯಾನ್ ಗುಂಯ್ ಅಂದು, ಕೋಲಿನಲ್ಲಿ ತಳ್ಳಿದರೆ ಮಾತ್ರ ತಿರುಗುತ್ತದೆಯಾ? ಮೊದಲ ಅನುಮಾನ ಕಂಡೆನ್ಸರ್ ಮೇಲೆ. ಹಳೆಯದರ ಮೇಲೆ ಬರೆದಿರುವಷ್ಟೇ ಮೈಕ್ರೋಫ್ಯಾರಡ್‌ನದ್ದು ಹಾಕಿ, ಸಾಮಾನ್ಯವಾಗಿ 2.25 ಅಥವಾ 2.5 ಇರುತ್ತದೆ. ಜಾಸ್ತಿ ಗಾಳಿ ಬರಲಿ ಅಂತ 4 ಹಾಕಿಕೊಡುವವರಿದ್ದಾರೆ. ಸ್ಟಾರ್ಟಿಂಗ್ ಕಾಯಿಲ್ ಕಾದು ಹೋಗುವುದು ಹಾಗೇ. ಕಾಯಿಲ್ ಮೇಲೇ ಅನುಮಾನ ಇದ್ದರೆ ಮೋಟರಿನಿಂದ ಬರುವ ಮೂರು ವೈರುಗಳನ್ನು ಎರಡೆರಡಾಗಿ ಮೀಟರಿನಲ್ಲಿ ಓಂ ಲೆಕ್ಕದಲ್ಲಿ ಅಳೆಯಿರಿ. ಅತಿ ದೊಡ್ಡ ಅಂಕಿ ಉಳಿದೆರಡರ ಮೊತ್ತಕ್ಕೆ ಹೊಂದಬೇಕು. ಒಂದು ಜೋಡಿಯಲ್ಲಷ್ಟೇ ಅಂಕಿ ಬಂದು, ಉಳಿದೆರಡರಲ್ಲಿ ಏನೂ ಬರದಿದ್ದರೆ ಎಲ್ಲೋ ತುಂಡಾಗಿದೆ. ಹೆಚ್ಚಾಗಿ ಅದೂ ಬೆಸುಗೆಯ ಜಾಗದಲ್ಲೇ. ನಿಜಕ್ಕೂ ರಿವೈಂಡಿಂಗ್ ಬೇಕಾದರೆ ಎರಡು ಮಾತು ಮೊದಲೇ ಹೇಳಿ: ಹಳೇ ತಂತಿಯ ಸುತ್ತು ಎಣಿಸಿ ಅಷ್ಟೇ ಸುತ್ತಬೇಕು, ಅಲ್ಯೂಮಿನಿಯಂ ಹಾಕಬಾರದು.

ಸೀಲಿಂಗ್ ಫ್ಯಾನಿನಲ್ಲಿ ನನಗೆ ಕರೆಂಟಿಗಿಂತ ಭಯ ತೂಕದ್ದು. ಎರಕದ ಕಬ್ಬಿಣದ ಮೈ, ಅದರ ಭಾರ ಪೂರ್ತಿ ಒಂದು ಬೋಲ್ಟ್, ಒಂದು ರಬ್ಬರ್ ರೀಲು, ಬೋಲ್ಟ್ ಕಳಚದಂತೆ ತಡೆಯುವ ಒಂದು ಕಾಟರ್ ಪಿನ್ ಮೇಲೆ. ಮೂರನ್ನೂ ಹೊಸದು ಮಾಡದೆ ಮೇಲೇರಿಸಬೇಡಿ. ಹಳೇ ಹೆಂಚಿನ ಮನೆಯ ತೊಲೆಗೆ ನೇತುಹಾಕುವುದಾದರೆ ಗೆದ್ದಲು ಹಿಡಿದಿದೆಯಾ ಅಂತ ಮೊದಲು ತಟ್ಟಿ ನೋಡಿ. ರೆಕ್ಕೆಗಳು ತೂಕಕ್ಕೆ ಜೋಡಿಯಾಗಿ ಬಂದಿರುತ್ತವೆ. ಬೇರೆ ಫ್ಯಾನಿನ ಒಂದು ರೆಕ್ಕೆ ತಂದು ಸೇರಿಸಿದರೆ ತೂರಾಡುವುದು ಖಚಿತ.

ಬಣ್ಣದ ಹುಚ್ಚು ನನಗೆ ಕಮ್ಮಿ. ಹಳೇ ಪೇಂಟಿನಲ್ಲಿ ಸೀಸ ಇರಬಹುದು, ಆದ್ದರಿಂದ ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬಾರದು, ನೀರು ಹಾಕಿ ಉಜ್ಜಿ. ಪೌಡರ್ ಕೋಟಿಂಗ್‌ಗೆ ಕೊಡುವುದಾದರೆ ಸ್ಟೇಟರ್ ಹೊರತೆಗೆದು ಕೊಡಿ. ಅಲ್ಲಿನ ಒಲೆ 180–200 ಡಿಗ್ರಿ ಇರುತ್ತದೆ, ಹಳೇ ವಾರ್ನಿಶ್ ತಡೆಯುವುದಿಲ್ಲ. ಹಿತ್ತಾಳೆ ಹೆಸರುಪಟ್ಟಿಯನ್ನು ಪಳಪಳ ಮಾಡಲು ಹೋದರೆ ವೋಲ್ಟೇಜ್ ಬರೆದ ಅಕ್ಷರವೇ ಅಳಿಸಿಹೋಗುತ್ತದೆ.

ಆ ಅಕ್ಷರ ಯಾಕೆ ಮುಖ್ಯ ಅಂದರೆ, ಗುಜರಿಯಲ್ಲಿ ಸಿಗುವ ಫ್ಯಾನೆಲ್ಲ ನಮ್ಮ 230 ವೋಲ್ಟಿನದ್ದಲ್ಲ. ಕೋಲ್ಕತ್ತದ ಕೆಲವು ಭಾಗಗಳಲ್ಲಿ ಸ್ವಾತಂತ್ರ್ಯ ಬಂದು ದಶಕಗಳಾದರೂ ಒಂದೇ ದಿಕ್ಕಿಗೆ ಹರಿಯುವ ಡಿಸಿ ಕರೆಂಟೇ ಇತ್ತು. ಅಲ್ಲಿಂದ ಬಂದ ಸೀಲಿಂಗ್ ಫ್ಯಾನಿನಲ್ಲಿ ಕಾರ್ಬನ್ ಬ್ರಷ್ ಕಂಡರೆ ನಮ್ಮ ಮನೆಗಳ ಎಸಿ ಕರೆಂಟಿಗೆ ಹಾಕಬೇಡಿ. ಅಮೆರಿಕದಿಂದ ತಂದ ಫ್ಯಾನಿಗೆ ಟ್ರಾನ್ಸ್‌ಫಾರ್ಮರ್ ಬೇಕು. ಅದು ಸೆಕೆಂಡಿಗೆ 60 ಸೈಕಲ್‌ನ (ಹರ್ಟ್ಜ್) ಕರೆಂಟಿಗೆ ಮಾಡಿದ್ದು, ನಮ್ಮ 50ರಲ್ಲಿ ನಿಧಾನ ಓಡುತ್ತದೆ, ಜಾಸ್ತಿ ಬಿಸಿಯಾಗುತ್ತದೆ. 115ರ ಬದಲು 100 ವೋಲ್ಟ್ ಕೊಟ್ಟರೆ ಕ್ಷೇಮ.

ಟೇಬಲ್ ಫ್ಯಾನುಗಳಲ್ಲಿ ಎರಡು ಪಿನ್ನಿನ ಪ್ಲಗ್ಗೇ ಜಾಸ್ತಿ, ಮೈಯೆಲ್ಲ ಕಬ್ಬಿಣ. ಮೂರು ಎಳೆಯ ವೈರು ಹಾಕಿ, ಹಸಿರು ಎಳೆಯನ್ನು (ಅರ್ಥ್) ಪೇಂಟ್ ಕೆರೆದ ಜಾಗದಲ್ಲಿ ಮೈಗೆ ಬಿಗಿಯಿರಿ. ಹಳೇ ಜಾಲರಿಯ ಸಂದಿನಲ್ಲಿ ಮಗುವಿನ ಇಡೀ ಕೈ ತೂರುತ್ತದೆ. ಚಿಕ್ಕ ಮಕ್ಕಳಿರುವ ಮನೆಯವರು ಬಂದರೆ ರಿಪೇರಿ ಮಾಡಿಕೊಟ್ಟು, ಅಟ್ಟದ ಮೇಲೇ ಇಡಿ ಅನ್ನುತ್ತೇನೆ. ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ.